ಮಾಳಿಗೆಯ ಬಿಸಿಲಿಗೆ ಎಷ್ಟು ಜನ ಒಡೆಯರು

ಮನೆಗೆ ಸೋಲಾರ್ ಹಾಕಿಸಿಕೊಂಡರೆ ಕರೆಂಟಿನ ಚಿಂತೆ ತಪ್ಪುತ್ತದೆ ಎಂದು ಹೇಳಿದವರು ಯಾರೋ, ಅವರ ಮನೆಯಲ್ಲಿ ಅತ್ತೆ, ಗಂಡ, ನೆರೆಯವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ನಮ್ಮಲ್ಲಿ ಎಲ್ಲರೂ ಇದ್ದಾರೆ. ಹಾಗಾಗಿ ಬೈಲಹೊಂಗಲದ ನಮ್ಮ ಓಣಿಯಲ್ಲಿ ವಾರಕ್ಕೊಮ್ಮೆಯಾದರೂ ನನ್ನ ಪಿತ್ತ ನೆತ್ತಿಗೇರುತ್ತದೆ.

ನಾನು ಶೇಂಗಾ ಚಟ್ನಿ ಮಾಡಿ ಮಾರುವವಳು. ಮಿಕ್ಸರ್ ತಿರುಗಿದರೆ ಗಿರಾಕಿ ಉಳಿಯುತ್ತಾರೆ, ನಿಂತರೆ ಬೇರೆಯವರ ಕಡೆ ಹೋಗುತ್ತಾರೆ. ಕರೆಂಟು ಅರ್ಧಕ್ಕೇ ಕೈಕೊಟ್ಟು ಕೊಟ್ಟು ಸಾಕಾಗಿ, ಹಟ ಹಿಡಿದು ಮಾಳಿಗೆಯ ಮೇಲೆ ಪ್ಯಾನೆಲ್, ಮೆಟ್ಟಿಲ ಕೆಳಗೆ ಬ್ಯಾಟರಿ ಹಾಕಿಸಿದೆ. ಕೂಡಿಸಲು ಬಂದ ಮೆಕ್ಯಾನಿಕ್ ಹೋಗುವಾಗ ಹೇಳಿದ: "ಮಿಕ್ಸರ್ ಕೆಲಸ ಬಿಸಿಲಿದ್ದಾಗ ಮುಗಸ್ರಿ. ಪ್ಯಾನೆಲ್ ಮ್ಯಾಲೆ ನೆರಳು ಬೀಳಲಾರದಂಗ ನೋಡ್ಕೋರಿ."

ಮನೆಮಂದಿಯೆಲ್ಲ ಎದುರಿಗೇ ನಿಂತು ತಲೆಯಾಡಿಸಿದರು. ಆ ತಲೆಗಳೊಳಗೆ ಏನು ಹೋಗಿತ್ತೆಂಬುದು ಆಮೇಲೆ ಗೊತ್ತಾಯಿತು.

೧. ಮೂರು ಪಟ್ಟಿ

ಮೊದಲ ವಾರವೇ ಬ್ಯಾಟರಿ ತುಂಬಲೊಲ್ಲದು. ಹೊರಗೆ ನೋಡಿದರೆ ತಲೆ ಸುಡುವ ಬಿಸಿಲು. ಮೆಕ್ಯಾನಿಕ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಪಾಪ, ಓಡಿ ಬಂದ. ಮಾಳಿಗೆ ಹತ್ತಿದವನು ಅಲ್ಲಿಂದಲೇ ಕರೆದ, "ಅಕ್ಕಾರ, ಇದನ್ನ ನೀವ ನೋಡ್ರಿ."

ಒಂದೊಂದು ಪ್ಯಾನೆಲ್ಲಿಗೂ ಅಡ್ಡಲಾಗಿ ಮೂರು ಪಟ್ಟಿ ವಿಭೂತಿ. ನೀರಲ್ಲಿ ಕಲಸಿ, ಅಂಗೈ ಅಗಲ, ಈ ತುದಿಯಿಂದ ಆ ತುದಿಗೆ.

ಅತ್ತೆಯನ್ನು ಕೇಳಿದೆ. "ಹೊಸಾ ವಸ್ತು. ಮಂದಿ ಕಣ್ಣು ಬಿದ್ದೀತು ಅಂತ ಹಚ್ಚೇನಿ," ಎಂದರು.

"ಅದರಿಂದ ಬಿಸಿಲಿಗೆ ಅಡ್ಡ ಆಗತೈತ್ರಿ ಅತ್ತಿ. ಕರೆಂಟ ಬರೂದಿಲ್ಲ."

ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿದರು. "ಜಗತ್ತಿಗೆಲ್ಲ ಬೆಳಕು ಕೊಡೂ ಶಿವಾ ಹಣಿ ತುಂಬ ಹಚ್ಕೊಂಡಾನ. ಅವಂಗ ಆಗಲಾರದ ತ್ರಾಸು ನಿನ್ನ ಗಾಜಿಗೆ ಆಗತೈತೇನು?"

ಮೆಕ್ಯಾನಿಕ್ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಹೋದ.

೨. ವಿವರಣೆ

ನಮ್ಮವರಿಗೆ ಮಾರ್ಕೆಟ್ ಯಾರ್ಡಿನಲ್ಲಿ ಕೆಲಸ. ಸೋಲಾರ್ ಬೇಡವೇ ಬೇಡ ಎಂದು ತಿಂಗಳುಗಟ್ಟಲೆ ನನ್ನ ಜೊತೆ ಜಗಳವಾಡಿದವರು, ಹಾಕಿಸಿದ ಮೇಲೆ ಊರ ತುಂಬ ತಾವೇ ಹಾಕಿಸಿದಂತೆ ಹೇಳಿಕೊಂಡು ತಿರುಗಿದರು. ಅದನ್ನೂ ನುಂಗಿಕೊಂಡೆ.

ಒಂದು ದಿನ ಬೆಳಗಿನಿಂದ ಮೋಡ ಮುಚ್ಚಿ ಬ್ಯಾಟರಿ ತಳ ಕಂಡಿತ್ತು. ಊಟದ ಹೊತ್ತಿಗೆ ಅಂತೂ ಬಿಸಿಲು ಬಿತ್ತು. ಹುರಿದ ಶೇಂಗಾ ಮಿಕ್ಸರಿಗೆ ಹಾಕಿ ಗುಂಡಿ ತಿರುವಿದೆ. ಗರ್ ಅಂದು ನಿಂತಿತು. ಮತ್ತೆ ತಿರುವಿದೆ, ಮತ್ತೆ ನಿಂತಿತು. ಮೇಲಿನಿಂದ ಮಾತು ಕೇಳಿಸಿತು.

ಹತ್ತಿ ನೋಡಿದರೆ, ಯಾರ್ಡಿನ ಗೆಳೆಯರ ಹಿಂಡು ಪ್ಯಾನೆಲ್ಲುಗಳಿಗೆ ಒತ್ತಿ ನಿಂತಿದೆ. ಬಿಸಿಲು ತಾಗದಿರಲೆಂದು ಒಬ್ಬರು ಛತ್ರಿ ಬೇರೆ ಬಿಚ್ಚಿದ್ದಾರೆ. ನಡುವೆ ನಮ್ಮವರು ಕೈ ಬೀಸಿ ಹೇಳುತ್ತಿದ್ದಾರೆ: "ಇದರ ಮ್ಯಾಲೆ ಒಂದೀಟು ನೆರಳ ಬಿದ್ರೂ ಮುಗೀತ್ ನೋಡ್ರಿ, ಕರೆಂಟ ಬಂದ್."

ನಾನು ಉರಿಯುವ ಕಣ್ಣಿನಿಂದ ನೋಡುತ್ತ ನಿಂತೆ. ನಮ್ಮವರು ನನ್ನನ್ನು ಕಂಡು ಖುಷಿಯಿಂದ ಹೇಳಿದರು, "ಛಲೋ ಆತು ಬಂದಿ. ಮಿಕ್ಸರಿನ್ಯಾಗ ಯಾಲಕ್ಕಿ ಪುಡಿ ಮಾಡಿ ಎಲ್ಲಾರಿಗೂ ಚಾ ತಾ."

೩. ಪಾಲು

ಓಣಿಯ ಕರೆಂಟು ಹೋಯಿತೆಂದರೆ ಪಕ್ಕದ ಮನೆಯ ಕಾಕು ಹಾಜರು. ಮೊದಲು ಚಾರ್ಜಿಗೆ ಮೊಬೈಲ್ ತಂದರು, ಆಮೇಲೆ ಮಗನ ಮೊಬೈಲ್, ಕೊನೆಗೆ ನೆನೆಸಿದ ಅಕ್ಕಿ ಉದ್ದು. ಹಗಲೆಲ್ಲ ಹೀಗಾದರೆ ನನ್ನ ಕೆಲಸ ಸಾಗುವುದು ಯಾವಾಗ? ಒಂದು ದಿನ ತಡೆಯಲಾರದೆ ಅಂದೇಬಿಟ್ಟೆ, "ಕಾಕು, ನನ್ನ ಬ್ಯಾಟರಿ ಖಾಲಿ ಆಗಾಕ ಹತ್ತೇತ್ರಿ."

ಕಾಕು ಬೇಜಾರೇನೂ ಮಾಡಿಕೊಳ್ಳಲಿಲ್ಲ. ಅಕ್ಕಿಯ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಸಮಾಧಾನದಿಂದ ಕೇಳಿದರು, "ತಂಗಿ, ನಿನ್ನ ಪ್ಯಾನೆಲ್ ಬಿಸಿಲು ಎಳಕೊಳ್ಳತೈತಿ ಹೌದಿಲ್ಲೊ?"

"ಹೌದ್ರಿ."

"ನಿಮ್ಮ ಮಾಳಿಗಿ ಮ್ಯಾಲಿಂದಷ್ಟ ಎಳಿ, ಬಾಜೂಕಿಂದು ಬಿಡು ಅಂತ ಅದಕ್ಕ ಯಾರರ ಹೇಳ್ಯಾರೇನು? ಇದರಾಗ ನಮ್ಮ ಪಾಲೂ ಐತಿ. ಅಕ್ಕಿ ಸಣ್ಣಗ ರುಬ್ಬು."

೪. ಸವದತ್ತಿಯ ಮದುವೆ

ಸವದತ್ತಿಯ ಒಂದು ದೊಡ್ಡ ಮನೆತನದವರು ಮಗಳ ಮದುವೆಗೆ ನನ್ನ ಚಟ್ನಿ ಹೇಳಿದರು. ಇದು ಸರಿಹೋದರೆ ಆ ಊರಿನಲ್ಲಿ ನನ್ನ ಚಟ್ನಿಗೆ ಹೆಸರು, ತಪ್ಪಿದರೆ ಇನ್ನು ಆ ದಿಕ್ಕಿಗೆ ನೋಡುವ ಹಾಗಿಲ್ಲ. ಒಯ್ಯಲು ಅವರ ಗಾಡಿ ಸಂಜೆಗೆ ಬರುವುದಿತ್ತು. ಓಣಿಯಲ್ಲಿ ಬೆಳಗಿನಿಂದ ಕರೆಂಟಿಲ್ಲ, ಬ್ಯಾಟರಿಯೂ ತಳ ಕಂಡಿತ್ತು. ಇರಲಿ, ಬಿಸಿಲಿದೆ, ನನ್ನ ಸೋಲಾರ್ ಇದೆಯಲ್ಲ ಎಂದು ಶೇಂಗಾ ಹುರಿದು, ಸಿಪ್ಪೆ ತೆಗೆದು, ಬೆಳ್ಳುಳ್ಳಿ ಸುಲಿದು ಕೂತೆ.

ಒಂದು ಸುತ್ತು ತಿರುಗಿದ ಮಿಕ್ಸರ್ ನಿಂತೇಹೋಯಿತು. ಕಸಬರಿಗೆ ಹಿಡಿದುಕೊಂಡೇ ಮಾಳಿಗೆ ಹತ್ತಿದೆ.

ಪ್ಯಾನೆಲ್ಲುಗಳ ಮೇಲೆ ನಮ್ಮವರ ತೆಳುವಾದ ಧೋತರ ಹಾಸಿದೆ. ಧೋತರದ ತುಂಬ ಸಾಲು ಸಾಲಾಗಿ ಹಸಿ ಸಂಡಿಗೆ. ಅತ್ತೆ ಒಂದು ಕಡೆಯಿಂದ, ಕಾಕು ಇನ್ನೊಂದು ಕಡೆಯಿಂದ ಇಡುತ್ತಿದ್ದಾರೆ.

"ನೀನ ಅಂದಿದ್ದಿ ಅಲ್ಲ, ಇದು ಬಿಸಿಲು ಹೀರತೈತಿ ಅಂತ," ಎಂದರು ಅತ್ತೆ. "ಲಗೂನ ಒಣಗತಾವ."

ನಾನು ಏನೇನು ಬೈದೆನೋ ನನಗೇ ನೆನಪಿಲ್ಲ. ಧೋತರ ಎತ್ತಿದರೆ ಹಿಟ್ಟಿನ ಗಂಜಿ ಬಟ್ಟೆಯಿಂದ ಇಳಿದು, ಕಾದ ಗಾಜಿಗೆ ಅಂಟಿನಂತೆ ಹಿಡಿದು ಕೂತಿತ್ತು. ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ, "ಕೆರೀಬ್ಯಾಡ್ರಿ. ಬಿಸಿ ಗಾಜಿಗೆ ತಣ್ಣೀರೂ ಹಾಕಬ್ಯಾಡ್ರಿ. ಸಂಜಿಮುಂದ ತೊಳೀರಿ."

ಸಂಜೆಗೆ ಗಾಡಿ ಬರುತ್ತದೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹಿತ್ತಿಲ ಮೂಲೆಯಲ್ಲಿ ಬಿದ್ದಿದ್ದ ಒರಳು ತೊಳೆದೆ. ಅತ್ತೆಯ ಕೈಗೆ ಒನಕೆ ಕೊಟ್ಟೆ. ಊಟಕ್ಕೆಂದು ಬಂದ ನಮ್ಮವರನ್ನು ಇಸ್ತ್ರಿ ಅಂಗಿಯಲ್ಲೇ ಕೂರಿಸಿ ಬೆಳ್ಳುಳ್ಳಿ ಜಜ್ಜಲು ಹಚ್ಚಿದೆ. ಮೆಲ್ಲಗೆ ಜಾರುತ್ತಿದ್ದ ಕಾಕುವನ್ನು ಬಾಗಿಲಲ್ಲೇ ಹಿಡಿದೆ. "ನಿಮ್ಮ ಪಾಲಿನ ಬಿಸಿಲು ಇವತ್ತ ಬಂದಿಲ್ಲರಿ ಕಾಕು. ಅದರ ಬದಲಿ ಕುಟ್ಟಬರ್ರಿ."

ಮೂವರೂ ಬೆವರು ಸುರಿಸಿ ಕುಟ್ಟಿದರು. ಗಾಡಿ ಹೊರಡುವಾಗ ಕೊನೆಯ ಡಬ್ಬಿಯ ಮುಚ್ಚಳ ಹಾಕಿದೆ.

ಮದುವೆಯ ಮರುದಿನ ಸವದತ್ತಿಯಿಂದ ಫೋನ್ ಬಂತು. "ಬಾಯಾರ, ಬೀಗರು ಭಾಳ ಹೊಗಳಿದ್ರು. ಕುಟ್ಟಿದ್ದ ರುಚೀನ ಬ್ಯಾರೆ. ಇನ್ನ ಮ್ಯಾಲೆ ನಮ್ಮ ಬಳಗಕ್ಕೆಲ್ಲಾ ನಿಮ್ಮದ. ಆದ್ರ ಮಷೀನಿಂದು ಬ್ಯಾಡ್ರಿ."

ನಾನು ಫೋನ್ ಹಿಡಿದುಕೊಂಡು ಮಾಳಿಗೆಯ ಕಡೆ ನೋಡುತ್ತ ನಿಂತೆ. ಎಲ್ಲವನ್ನೂ ಕೇಳಿಸಿಕೊಂಡ ಅತ್ತೆ, ಒನಕೆ ಹಿಡಿದು ಬೊಬ್ಬೆ ಎದ್ದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಕೇಳಿದರು:

"ಹಂಗಾದ್ರ ಮ್ಯಾಲಿನ ಗಾಜು ಇನ್ನ ಖಾಲೀನ. ನಾಳಿ ಹಪ್ಪಳ ಹಾಕಲೇನು?"