ಕರ್ನಲ್ಲಿನ ಮುನಿಸು, ನನ್ನ ಮಹಾಪ್ರಾಣ

ನನ್ನ ವಯಸ್ಸಿನವರಲ್ಲಿ ಕೆಲವರಿಗೆ ರಕ್ತದೊತ್ತಡವಿದೆ, ಕೆಲವರಿಗೆ ಮಂಡಿನೋವಿದೆ. ನನಗಿರುವುದು ಒತ್ತಕ್ಷರದ ಕಾಯಿಲೆ. ಎಲ್ಲಿಯಾದರೂ ಒಂದು ಒತ್ತು ತಪ್ಪಿದ್ದನ್ನು ಕಂಡರೆ ನನ್ನ ಎದೆ ಒಂದು ಬಡಿತವನ್ನು ಲೋಪಸಂಧಿ ಮಾಡಿಕೊಳ್ಳುತ್ತದೆ. ಕೊಪ್ಪದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ ಈ ಕಾಯಿಲೆಯನ್ನು ಜನರು ಶಿಸ್ತು ಎಂದು ಕರೆಯುತ್ತಿದ್ದರು. ಸ್ವಯಂನಿವೃತ್ತಿ ಪಡೆದು ಮನೆಯಲ್ಲಿ ಕುಳಿತ ಮೇಲೆ, ಅದೇ ಕಾಯಿಲೆಗೆ ಮನೆಯವರು ಬೇರೆ ಹೆಸರಿಟ್ಟಿದ್ದಾರೆ. ಆ ಹೆಸರಿನಲ್ಲಿಯೂ ಒಂದು ಕಾಗುಣಿತದ ತಪ್ಪಿದೆ, ಆದ್ದರಿಂದ ಇಲ್ಲಿ ಬರೆಯಲಾರೆ.

ನನ್ನ ಶಿಸ್ತಿನ ಪ್ರಮಾಣವನ್ನು ಓದುಗರು ಅರಿಯಲೆಂದು ಒಂದು ಪ್ರಸಂಗವನ್ನು ಹೇಳುತ್ತೇನೆ. ಒಮ್ಮೆ ನಾನು ತರಗತಿಯಲ್ಲಿ ವಾಕ್ಯರಚನೆಯನ್ನು ಬೋಧಿಸುತ್ತಿದ್ದಾಗ ಕೊನೆಯ ಸಾಲಿನಿಂದ ಒಬ್ಬ ಎದ್ದುನಿಂತು, "ಸಾರ್, ಹಾವು!" ಎಂದ. "ಕರ್ತೃಪದ ಸರಿಯಾಗಿದೆ, ಕ್ರಿಯಾಪದವೆಲ್ಲಿ?" ಎಂದು ಕೇಳಿದೆ. ಕ್ರಿಯಾಪದವನ್ನು ಹಾವೇ ಒದಗಿಸಿತು. ಅದು ನನ್ನ ಪಾದದ ಮೇಲಿಂದ ಹರಿಯಿತು. ತರಗತಿಯಲ್ಲಿ ಅಂದು ಪಾಠ ಮುಂದುವರಿಯಲಿಲ್ಲ, ಏಕೆಂದರೆ ಮೇಜಿನ ಮೇಲೆ ನಿಂತು ಪಾಠ ಮಾಡುವ ಅಭ್ಯಾಸ ನನಗಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಪತ್ನಿ ಸುಮಿತ್ರೆಯ ಅಣ್ಣ ಗಣಪತಿ ಭಾವನವರು ಜಯಪುರದಲ್ಲಿ ಪೈಪು, ಪಂಪುಸೆಟ್ಟುಗಳ ಅಂಗಡಿ ಇಟ್ಟುಕೊಂಡಿದ್ದಾರೆ. ಅವರ ಮಗಳು ಭಾರ್ಗವಿ ಶೃಂಗೇರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳ ಮದುವೆ ನಿಶ್ಚಯವಾದಾಗ, ಆಮಂತ್ರಣ ಪತ್ರಿಕೆಯ ಕರಡನ್ನು ತಿದ್ದುವ ಹೊಣೆ ಸಹಜವಾಗಿಯೇ ನನ್ನ ಮೇಲೆ ಬಿತ್ತು. ಭಾವ ಬರೆದುಕೊಟ್ಟ ಒಕ್ಕಣೆಯಲ್ಲಿ "ಸಹಕುಟುಂಬ" ಎಂದಿತ್ತು. ನಾನು "ಸಕುಟುಂಬ" ಎಂದು ತಿದ್ದಿದೆ. ಅವರು "ಹ"ವನ್ನು ಪುನಃ ಸೇರಿಸಿದರು. ನಾನು ಪುನಃ ತೆಗೆದೆ. ಅವರು ಶೃಂಗೇರಿಯಲ್ಲಿ ಯಾರೋ ವಿದ್ವಾಂಸರನ್ನು ಕೇಳಿಕೊಂಡು ಬಂದು, ವ್ಯಾಕರಣದಲ್ಲಿ ಇದಕ್ಕೆ ವಿಕಲ್ಪವಿದೆಯೆಂದೂ ಎರಡೂ ರೂಪಗಳು ಸಾಧುವೆಂದೂ ಹೇಳಿಕಳಿಸಿದರು. ವಿಕಲ್ಪ ನನಗೂ ಗೊತ್ತಿತ್ತು. ಆದರೆ ವಿಕಲ್ಪವೆಂದರೆ ಎರಡೂ ಸರಿಯೆಂದು ಅರ್ಥವೇ ಹೊರತು, ಎರಡನೆಯದನ್ನು ನನ್ನ ಕಣ್ಣೆದುರಿಗೆ ಬರೆಯಬಹುದು ಎಂದಲ್ಲ. ಅಂದಿನಿಂದ ಭಾವನವರೂ ನಾನೂ ನೇರವಾಗಿ ಮಾತನಾಡುವುದು ನಿಂತಿತು.

ಹಾಗೆಂದು ಸಂಪರ್ಕ ಕಡಿದಿರಲಿಲ್ಲ. ಸುಮಿತ್ರೆ ನಡುವೆ ಇದ್ದಳಲ್ಲ! "ನಿನ್ನ ಅಣ್ಣನಿಗೆ ಸಮಾಸದ ಗಂಧವೂ ಇಲ್ಲವೆಂದು ತಿಳಿಸು" ಎಂದು ನಾನು ಹೇಳಿದರೆ, ಅವಳು ಫೋನಿನಲ್ಲಿ, "ಅಣ್ಣಾ, ಇವ್ರು ನಿನ್ನ ಆರೋಗ್ಯ ಕೇಳ್ತಾ ಇದಾರೆ" ಎನ್ನುತ್ತಿದ್ದಳು. ಅತ್ತಲಿಂದ ಏನು ಬರುತ್ತಿತ್ತೋ ದೇವರೇ ಬಲ್ಲ, ನನಗೆ ಮಾತ್ರ "ಕಾಯಿ ಹೋಳಿಗೆ ಮಾಡಿಸ್ತಾರಂತೆ, ನಿಮ್ಗೆ ಇಷ್ಟ ಅಂತ" ಎಂದು ತಲುಪುತ್ತಿತ್ತು. ಮದುವೆಯ ಕೆಲಸಕ್ಕೆಂದು ಅವಳು ತನ್ನ ದೊಡ್ಡ ಫೋನಿನ ಸಮೇತ ಜಯಪುರಕ್ಕೆ ಹೋದ ಮೇಲೆ ನನ್ನ ಬಳಿ ಉಳಿದದ್ದು ಗುಂಡಿ ಒತ್ತುವ ನನ್ನ ಸಣ್ಣ ಫೋನು, ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುವ ವೈಫೈ ಪೆಟ್ಟಿಗೆ ಮತ್ತು ಲ್ಯಾಪ್‌ಟಾಪು. ಆ ಲ್ಯಾಪ್‌ಟಾಪಿಗೆ ಭಾರ್ಗವಿಯೇ ಒಂದು ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಟ್ಟಿದ್ದಳು. ಅದರ ಪರದೆಯ ಪದಗಳೆಲ್ಲ ಕನ್ನಡದಲ್ಲಿ ಬರುತ್ತವೆ, ಅವುಗಳಲ್ಲಿ ಸಾಕಷ್ಟು ತಪ್ಪುಗಳೂ ಇವೆ. ಆದ್ದರಿಂದ ನಮ್ಮಿಬ್ಬರ ಒಡನಾಟ ಚೆನ್ನಾಗಿತ್ತು.

ಕೊನೆಯ ಕರಡು ಬಂದ ಮರುದಿನ ಬೆಳಿಗ್ಗೆ ಅದನ್ನು ತಿದ್ದಿ ಮುಗಿಸಿದೆ. ಕಳುಹಿಸುವ ಮೊದಲು ಪರದೆಯ ಮೂಲೆಯಲ್ಲಿ "ಉನ್ನತೀಕರಿಸು" ಎಂಬ ಆಜ್ಞಾರ್ಥಕ ಕ್ರಿಯಾಪದ ಕಾಣಿಸಿತು. ಕಾಗುಣಿತ ನಿರ್ದುಷ್ಟವಾಗಿತ್ತು. ಆ ಸಂತೋಷದಲ್ಲಿ ಒತ್ತಿಬಿಟ್ಟೆ. ಯಂತ್ರ ತನ್ನನ್ನು ತಾನು ಉನ್ನತೀಕರಿಸಿಕೊಂಡು, ಮಲಗಿ ಎದ್ದು, ವೈಫೈ ಎಂಬುದನ್ನು ಸಂಪೂರ್ಣವಾಗಿ ಮರೆತಿತು.

ಅಷ್ಟರಲ್ಲಿ ನರಸಿಂಹರಾಜಪುರದಿಂದ ಮುದ್ರಕ ಮೋಹನನ ಫೋನು ಬಂತು. (ಎನ್.ಆರ್. ಪುರ ಎಂದು ನಾನು ಹೇಳುವುದಿಲ್ಲ. ಇದರಿಂದಾಗಿ ನಾನು "ನರಸಿಂಹರಾಜ" ಎನ್ನುವಷ್ಟರಲ್ಲಿ ಹೊರಟುಹೋದ ಬಸ್ಸುಗಳು ಹಲವು.) "ಸಾರ್, ಸಂಜೆ ಕರೆಂಟಿಲ್ವಂತೆ. ಮಧ್ಯಾಹ್ನಕ್ಕೇ ಮೆಷಿನ್ ಹಾಕ್ತೇನೆ. ನಿಮ್ಮ ಮೇಲ್ ಬರದಿದ್ರೆ ಇದ್ದ ಹಾಗೇ ಹೊಡೀತೇನೆ."

ಇದ್ದ ಹಾಗೆಯೇ! ಇದ್ದ ಹಾಗೆ ಅದರಲ್ಲಿ "ಆರ್ಶೀವಾದ" ಎಂದಿತ್ತು! ನಮ್ಮ ಮನೆಯ ಹುಡುಗಿ ಅಂತಹ ತಪ್ಪಿನ ಕೆಳಗೆ ಮದುವೆಯಾಗಬೇಕೆ? ನಾನು ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

"ಮೋಹನ, ಆಶೀರ್ವಾದ ತಪ್ಪಾಗಿದೆ" ಎಂದೆ.

"ಇಲ್ಲ ಸಾರ್. ಆಶೀರ್ವಾದ ಅಂತಲೇ ಇದೆ."

"ಅರ್ಕಾವೊತ್ತು ಎಲ್ಲಿದೆ?"

"ಎಂತ ವತ್ತು?"

"ಬಾಲದ ಹಾಗೆ ಇರುತ್ತದಲ್ಲ, ಅದು."

"ಇದೆ ಸಾರ್, ಇದೆ."

"ಎಲ್ಲಿದೆ?"

"ಕಾರ್ಡಲ್ಲೇ ಇದೆ ಸಾರ್."

"ಅದು ಶೀಯ ಪಕ್ಕದಲ್ಲಲ್ಲ, ವಾದ ಪಕ್ಕದಲ್ಲಿರಬೇಕು!"

"ಯಾವ ವಾದ ಸಾರ್? ನಿಮ್ದೂ ನಿಮ್ಮ ಭಾವಂದೂ? ಅದ್ರ ಪಕ್ಕ ನನ್ನನ್ನ ನಿಲ್ಲಿಸ್ಬೇಡಿ ಮಾರಾಯ್ರೆ" ಎಂದು ಅವನು ಫೋನಿಟ್ಟ.

ವಿಧಿಯಿಲ್ಲದೆ ಭಾರ್ಗವಿಗೆ ಕರೆ ಮಾಡಿದೆ. ರಜೆಯಾದ್ದರಿಂದ ಅವಳು ಜಯಪುರದ ಮನೆಯಲ್ಲಿದ್ದಳು. "ತಪ್ಪುಗಳನ್ನ ಬಾಯಲ್ಲೇ ಹೇಳಿ ಮಾವ, ನಾನೇ ಮೋಹನಂಗೆ ವಾಟ್ಸಾಪ್ ಮಾಡ್ತೇನೆ" ಎಂದಳು. ಅಲ್ಪವಿರಾಮವನ್ನು ಬಾಯಲ್ಲಿ ಹೇಳುವುದು ಹೇಗೆ? ಸುಮ್ಮನಿದ್ದು ತೋರಿಸಿದೆ. "ಮಾವ? ಹಲೋ? ಲೈನಲ್ಲಿದೀರಾ?" ಎಂದಳು. ಆ ದಾರಿ ಮುಚ್ಚಿತು. ಕೊನೆಗೆ ಅವಳು ಹೇಳಿದಂತೆ ಒಂದು ಕಪ್ಪು ಕಿಟಕಿಯನ್ನು ತೆರೆದು, ಅದರಲ್ಲಿ ಮೂಡಿದ ಇಂಗ್ಲಿಷ್ ಸಾಲುಗಳನ್ನು ಸ್ಪಷ್ಟವಾಗಿ ಓದಿದೆ. ಸಾರಾಂಶವಿಷ್ಟು: ಬಂದ ಸಂದೇಶದ ಉದ್ದ ನಿರೀಕ್ಷಿಸಿದಂತಿಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ.

"ವಾಕ್ಯದ ಕೊನೆಯಲ್ಲಿ ಪೂರ್ಣವಿರಾಮವಿಲ್ಲ" ಎಂದೂ ಸೇರಿಸಿದೆ.

"ವೈಫೈ ಕೆಟ್ಟಿದ್ದು ಅದಕ್ಕಲ್ಲ ಮಾವ! ನಿಮ್ಮ ಕರ್ನಲ್ಲಿಂದೇ ತಕರಾರು."

"ನಮ್ಮ ವಂಶದಲ್ಲಿ ಯಾರೂ ಸೈನ್ಯಕ್ಕೆ ಸೇರಿಲ್ಲವಲ್ಲ, ಕೂಸೇ?"

"ಅಯ್ಯೋ, ಆ ಕರ್ನಲ್ ಅಲ್ಲ! ಕಂಪ್ಯೂಟರಿನ ತಿರುಳು. ಅದು ಮನೆ ಯಜಮಾನ ಇದ್ದ ಹಾಗೆ. ವೈಫೈ ಚಿಪ್ಪೊಳಗೆ ಓಡೋದಕ್ಕೆ ಬೇರೇನೇ ಒಂದು ಪುಟ್ಟ ತಂತ್ರಾಂಶ ಇದೆ, ಫರ್ಮ್‌ವೇರ್ ಅಂತ. ಗಾಳಿ ಜೊತೆ ಮಾತಾಡೋದು ಅದು. ಯಜಮಾನ ಅದಕ್ಕೆ ಡ್ರೈವರ್ ಕೈಲಿ ಹೇಳಿ ಕಳಿಸ್ತಾನೆ, 'ಸುತ್ತ ಯಾವ ವೈಫೈ ಇದೆ ನೋಡು' ಅಂತ. ಅದು ನೋಡ್ಕೊಂಡು ಉತ್ತರ ಕೊಡತ್ತೆ. ನೀವೀಗ ಕರ್ನಲ್ ಹೊಸದು ಮಾಡಿದೀರಿ, ಫರ್ಮ್‌ವೇರ್ ಹಳೇದೇ ಇದೆ. ಹಳೇದು ಹಳೇ ಕ್ರಮದಲ್ಲಿ ಉತ್ತರ ಕೊಟ್ರೆ, ಹೊಸ ಡ್ರೈವರ್ 'ಎರಡಕ್ಷರ ಕಮ್ಮಿ ಇದೆ' ಅಂತ ಎಸೀತಾ ಇದೆ. ಕರ್ನಲ್ ಕಾದೂ ಕಾದೂ, ನನ್ಹತ್ರ ವೈಫೈಯೇ ಇಲ್ಲ ಅಂತ ಕೂತಿದೆ."

ನನಗೆ ಆ ಡ್ರೈವರಿನ ಮೇಲೆ ಗೌರವ ಉಕ್ಕಿತು. "ಸರಿಯಾಗಿಯೇ ಮಾಡಿದೆ. ಅಶುದ್ಧ ಉತ್ತರವನ್ನು ಏಕೆ ಸ್ವೀಕರಿಸಬೇಕು? ಅಂದಹಾಗೆ, ಫರ್ಮ್‌ವೇರಿಗೆ ಕನ್ನಡದಲ್ಲಿ ಸ್ಥಿರಾಂಶ ಎನ್ನಬಹುದೆ, ದೃಢಾಂಶ ಎನ್ನಬಹುದೆ?"

"ಎಂತ ಬೇಕಾದ್ರೂ ಅನ್ನಿ, ಮಧ್ಯಾಹ್ನ ಆಗ್ತಾ ಬಂತು! ಒಳ್ಳೇ ಡ್ರೈವರ್ ಆದ್ರೆ ಹೊಸ ಕ್ರಮ ಇಲ್ದಿದ್ರೆ ಹಳೇದೂ ನಡೀತದೆ ಅಂತ ಹೊಂದ್ಕೊಳ್ಳತ್ತೆ. ನಮ್ಮ ಅತ್ತೆ ಥರ. ಅತ್ತೆ ಇಲ್ಲಿಗೆ ಬಂದ ಮೇಲೆ ನೀವೂ ಅಪ್ಪನೂ ಕರ್ನಲ್ಲೂ ಫರ್ಮ್‌ವೇರೂ ಆಗಿ ಕೂತಿದೀರಿ."

"ಯಾರು ಕರ್ನಲ್, ಯಾರು ಫರ್ಮ್‌ವೇರ್?" ಎಂದು ಕೇಳದೆ ಇರಲಾಗಲಿಲ್ಲ.

ಹಿಂದಿನಿಂದ ಭಾವನವರ ಧ್ವನಿ ಕೇಳಿಸಿತು: "ಅವ್ರಿಗೆ ಹೇಳು, ಎರಡೂ ಆಗ್ತದೆ ಅಂತ! ವಿಕಲ್ಪ!"

"ಅಪ್ಪ ನಿಮ್ಮ ಆರೋಗ್ಯ ಕೇಳಿದ್ರು" ಎಂದಳು ಭಾರ್ಗವಿ. ಮನೆತನದ ವಿದ್ಯೆ ಮುಂದಿನ ತಲೆಮಾರಿಗೆ ದಾಟಿದೆ ಎಂದುಕೊಂಡೆ.

ಅವಳು ಸೂಚಿಸಿದ ಪರಿಹಾರ ಮಾತ್ರ ನನಗೆ ಅವಮಾನಕರವೆನಿಸಿತು. ಉನ್ನತೀಕರಿಸಿದಾಗ ಹಳೆಯ ಕರ್ನಲ್ ಎಲ್ಲಿಗೂ ಹೋಗಿರುವುದಿಲ್ಲವಂತೆ, ಮೂಲೆಯಲ್ಲಿ ಕುಳಿತಿರುತ್ತದಂತೆ. ಯಂತ್ರ ಏಳುವಾಗ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಪಟ್ಟಿಯೊಂದು ಬರುತ್ತದೆ, ಅದರಲ್ಲಿ ಹಳೆಯದನ್ನು ಆರಿಸಬೇಕು. ಮೇಲಿನ ತರಗತಿಗೆ ತೇರ್ಗಡೆಯಾದವನನ್ನು ಮತ್ತೆ ಕೆಳಗಿನ ತರಗತಿಗೆ ಕಳುಹಿಸುವ ಪದ್ಧತಿ ನಮ್ಮ ಶಾಲೆಯಲ್ಲಿರಲಿಲ್ಲ. ಆದರೂ ಹಲ್ಲು ಕಚ್ಚಿ ಒತ್ತಿದೆ. ಹಳೆಯ ಕರ್ನಲ್ ಎದ್ದಿತು, ಹಳೆಯ ಫರ್ಮ್‌ವೇರನ್ನು ಕೂಗಿತು, ಅದು ತನ್ನ ಹಳೆಯ ತೊದಲಿನಲ್ಲಿಯೇ ಏನೋ ಹೇಳಿತು, ಇದು ಮರುಮಾತಿಲ್ಲದೆ ಒಪ್ಪಿಕೊಂಡಿತು. ವೈಫೈ ಬಂತು, ಮಿಂಚಂಚೆ ಹೋಯಿತು. ಮರುಕ್ಷಣವೇ ಮೋಹನನ ಫೋನು: "ಬಂತು ಸಾರ್! ಇನ್ನು ಎಂತದೂ ಮುಟ್ಬೇಡಿ."

ಮುದ್ರಿತ ಪತ್ರಿಕೆಯನ್ನು ನಾನು ಕಂಡದ್ದು ಜಯಪುರದ ಭಾವನವರ ಮನೆಯ ಜಗಲಿಯಲ್ಲಿ, ಸುಮಿತ್ರೆ ಕೈಗಿತ್ತಾಗ. "ಆಶೀರ್ವಾದ" ಸರಿಯಾಗಿತ್ತು, ಅರ್ಕಾವೊತ್ತು ತನ್ನ ಸ್ಥಾನದಲ್ಲಿ ರಾಜನಂತೆ ಕುಳಿತಿತ್ತು. ನನ್ನ "ಸಕುಟುಂಬ"ವೂ ಇರಲಿಲ್ಲ, ಭಾವನವರ "ಸಹಕುಟುಂಬ"ವೂ ಇರಲಿಲ್ಲ. "ಮನೆಮಂದಿಯೆಲ್ಲ ಬನ್ನಿ" ಎಂದಿತ್ತು. ಮದುಮಗಳು ಕೊನೆಯ ಗಳಿಗೆಯಲ್ಲಿ ಮುದ್ರಕನಿಗೆ ಫೋನು ಮಾಡಿ ನಮ್ಮಿಬ್ಬರನ್ನೂ ಒಟ್ಟಿಗೆ ಅಳಿಸಿದ್ದಳು. ವಾಕ್ಯ ಚೆನ್ನಾಗಿತ್ತೆಂಬುದೇ ನನ್ನ ಸಂಕಟ.

ಹಾಗೆಯೇ ಕಣ್ಣು ಕೆಳಗಿಳಿಯಿತು. ಆಗಮನಾಭಿಲಾಷಿಗಳ ಸಾಲಿನಲ್ಲಿ ನನ್ನ ಹೆಸರಿತ್ತು: "ಶ್ರೀದರ". ಧಕಾರದ ಹೊಟ್ಟೆ ಸೀಳಿರಲಿಲ್ಲ! ಶ್ರೀಯನ್ನು ಧರಿಸಿದವನಾದ ನಾನು ಶ್ರೀಯ ಬೆಲೆಪಟ್ಟಿಯಾಗಿಬಿಟ್ಟಿದ್ದೆ. ತಪ್ಪು ಮೋಹನನದೆಂದು ಗದರಿಸಲೂ ಬರುವಂತಿರಲಿಲ್ಲ, ನಾನು ಪಡಿಪಾಟಲು ಬಿದ್ದು ಕಳುಹಿಸಿದ ಕರಡಿನಲ್ಲಿಯೂ ಹಾಗೆಯೇ ಇತ್ತು. ಊರಿನ ಹೆಸರುಗಳನ್ನೆಲ್ಲ ಅಕ್ಷರ ಅಕ್ಷರ ನೋಡಿದವನು, ನನ್ನ ಹೆಸರು ನನಗೆ ಬಾಯಿಪಾಠವಲ್ಲವೇ ಎಂದು ದಾಟಿಹೋಗಿದ್ದೆ.

"ಸುಮಿತ್ರಾ, ನನ್ನ ಮಹಾಪ್ರಾಣವೇ ಹೋಯಿತು" ಎಂದೆ.

"ಹೋಗ್ಲಿ ಬಿಡಿ, ಇರೋ ಪ್ರಾಣದಲ್ಲಿ ಬಾಳೆಎಲೆ ಒರೆಸಿ" ಎಂದಳು ಅವಳು.

ಅಷ್ಟರಲ್ಲಿ ಒಳಗಿನಿಂದ ಭಾವನವರು ಬಂದರು. ಜಗಳವಾದ ಮೇಲೆ ಮೊದಲ ಸಲ, ನಡುವೆ ಯಾರೂ ಇಲ್ಲದೆ, ನೇರವಾಗಿ ನನ್ನನ್ನೇ ನೋಡಿ ಬಾಯ್ತುಂಬ ಕರೆದರು: "ಓಹೋ, ಶ್ರೀದರ ಭಾವ! ಎಂತ ಅಲ್ಲೇ ನಿಂತ್ರಿ? ಬನ್ನಿ ಮಾರಾಯ್ರೆ, ಹೋಳಿಗೆ ತಣ್ಣಗಾಗ್ತದೆ!"

ಅವರು ಪತ್ರಿಕೆಯನ್ನು ನೋಡಿ ಹಾಗೆ ಕರೆದರೋ ಅಥವಾ ಇಷ್ಟು ವರ್ಷವೂ ಹಾಗೆಯೇ ಕರೆಯುತ್ತಿದ್ದರೋ ನನಗೆ ತಿಳಿಯದು. ತಿದ್ದಲೆಂದು ಬಾಯಿ ತೆರೆದೆ. ಹೋಳಿಗೆಯ ಪರಿಮಳ ಬಂತು. "ಓ, ಬಂದೆ" ಎಂದೆ.

ಸಂದೇಶ ದೋಷಯುಕ್ತವಾಗಿತ್ತು. ತಲುಪಿತು. ಈ ಎರಡನೆಯ ವಾಕ್ಯದಲ್ಲಿ ಕರ್ತೃಪದವಿಲ್ಲವೆಂಬುದನ್ನು ನಾನು ಗಮನಿಸಿದ್ದೇನೆ, ದಯವಿಟ್ಟು ಯಾರೂ ಬರೆದು ತಿಳಿಸಬೇಡಿ.