ಹೂಮಳೆಯ ಪ್ರೋಗ್ರಾಮು

ಶಿಷ್ಯರು ನಮ್ಮನ್ನು ಮೀರಿಸಿದರೆ ಹೆಮ್ಮೆಯಾಗುತ್ತದೆ ಎಂದು ಸನ್ಮಾನದ ಸಭೆಗಳಲ್ಲಿ ಮೇಷ್ಟ್ರುಗಳು ಹೇಳುವುದುಂಟು. ನಾನೂ ಹೇಳಿದ್ದೇನೆ. ಶುದ್ಧ ಸುಳ್ಳು. ನಸ್ರೀನ್ ನನ್ನನ್ನು ಮೀರಿಸಿದ ದಿನ ನನಗಾದದ್ದು ಹೊಟ್ಟೆಯುರಿ. ಎರಡು ಲೋಟ ಮಜ್ಜಿಗೆಗೂ ಬಗ್ಗಲಿಲ್ಲ.

ಆಲ್ದೂರಿನಲ್ಲಿ ನನ್ನದೊಂದು ಕಂಪ್ಯೂಟರ್ ಕ್ಲಾಸಿತ್ತು. ಮೊಬೈಲಿನಲ್ಲಿ ಜಾವಾ ಪ್ರೋಗ್ರಾಮುಗಳು ಓಡಲು ಶುರುವಾಗಿದ್ದ ಕಾಲ. ಮಾರ್ಚ್ ಬಂತೆಂದರೆ ನಮ್ಮ ಕಡೆ ಒಂದೇ ಮಾತು: ಕಾಫಿ ಹೂವಿಗೆ ಬೇಕಾದ ಮಳೆ ಯಾರ ತೋಟಕ್ಕೆ ಎಷ್ಟು ಸೆಂಟು ಬಿತ್ತು? ನೂರು ಸೆಂಟೆಂದರೆ ಒಂದಿಂಚು. ಪಕ್ಕದ ತೋಟಕ್ಕೆ ಒಂದಿಂಚು ಬಿದ್ದು ತಮಗೆ ಬೀಳದಿದ್ದರೆ ಅನ್ನ ಸೇರುವುದಿಲ್ಲ. ಈ ಸುದ್ದಿ ಎಲ್ಲರ ಫೋನಿನಲ್ಲೂ ಬರುವಂತೆ ಪ್ರೋಗ್ರಾಮು ಬರೆಯಿರಿ ಎಂದು ಬೆಳೆಗಾರರ ಸಂಘದವರು ನನಗೆ ಹೇಳಿದರು. ನನ್ನಲ್ಲೇ ಕಲಿತು, ಎದುರಿಗೇ ಮೊಬೈಲ್ ಅಂಗಡಿ ಇಟ್ಟಿದ್ದ ನಸ್ರೀನ್‌ಗೂ ಹೇಳಿದರು. ಯಾರದು ಚೆನ್ನಾಗಿದೆಯೋ ಅದನ್ನು ಇಟ್ಟುಕೊಳ್ಳುತ್ತಾರಂತೆ. ಸೋತರೆ ನನ್ನ ಕ್ಲಾಸಿಗೆ ಯಾರು ಕಾಲಿಡುತ್ತಾರೆ ಹೇಳಿ!

ನನ್ನದು ಶಿಸ್ತಿನ ಪ್ರೋಗ್ರಾಮು. ಬೆಳೆಗಾರರಿಂದ ಬಂದ ಸಂದೇಶ 'ಮಳೆ' ಎಂಬ ಪದದಿಂದಲೇ ಶುರುವಾಗಿದೆಯೇ ಎಂದು ನೋಡುವುದು; ಆಗಿದ್ದರೆ ಮುಂದಿನ ಅಂಕಿಯನ್ನು ಪಟ್ಟಿಗೆ ಸೇರಿಸುವುದು, ಇಲ್ಲದಿದ್ದರೆ 'ತಪ್ಪು ಸಂದೇಶ' ಎಂದು ವಾಪಸು ಕಳಿಸುವುದು. ನನ್ನ ಕ್ಲಾಸಿನಲ್ಲಿ ಚೆನ್ನಾಗಿಯೇ ಓಡಿತು. ಆದರೆ ಮೊದಲ ಮಳೆಗೆ ಬಾಳೂರಿನ ಗೌಡರೊಬ್ಬರು ಕಳಿಸಿದ್ದು ಹೀಗಿತ್ತು: 'ನಮಸ್ಕಾರ, ಎಲ್ಲ ಆರಾಮಾ? ಮನೇಲಿ ಕೇಳಿದೆ ಅಂತ ಹೇಳಿ. ನಿನ್ನೆ ಮಳೆ 80 ಸೆಂಟು.' ಎಲ್ಲರೂ ಹಾಗೇ. ಇಡೀ ಸೀಮೆ ನೆಂದು ತೊಪ್ಪೆಯಾಗಿದ್ದರೂ ನನ್ನ ಪಟ್ಟಿಯಲ್ಲಿ ಒಂದು ಹನಿಯಿಲ್ಲ. ಸಂಘದ ಅಧ್ಯಕ್ಷರು ಫೋನು ಮಾಡಿ, "ಎಂಥದು ಮಾರಾಯ, ದೊಡ್ಡವರು ನಮಸ್ಕಾರ ಅಂದ್ರೆ ತಪ್ಪು ಅಂತದಲ್ಲ ನಿನ್ನ ಪ್ರೋಗ್ರಾಮು" ಎಂದರು.

ನಸ್ರೀನ್‌ಳ ಪಟ್ಟಿ ಮಾತ್ರ ತುಂಬಿ ತುಳುಕುತ್ತಿತ್ತು. ಅದನ್ನೇ ಇಟ್ಟುಕೊಂಡರು. ಅವಳ ಅಂಗಡಿ ಮುಂದೆ ನಿಂತ ಜೀಪುಗಳನ್ನು ನೋಡಿ ನೋಡಿ ನನ್ನ ಕಣ್ಣು ಉರಿಯಿತು. ಗುಟ್ಟೇನೆಂದು ತಿಳಿಯದೆ ನಿದ್ದೆ ಬರುವುದಿಲ್ಲವೆನಿಸಿ, ಮೂರನೇ ದಿನ ನಾಚಿಕೆ ಬಿಟ್ಟು ಅವಳಲ್ಲಿಗೆ ಹೋದೆ. ಅವಳ ತಾಯಿಯ ಮಂಡಿನೋವು ವಿಚಾರಿಸಿದೆ. ಈ ಸಲ ಮೆಣಸು ಹೇಗೆ ಎಂದೆ. ಹೊಸ ಗಾಜಿನ ಬೀರು ಹೊಗಳಿದೆ. ಸೆಕೆ ಜಾಸ್ತಿ ಎಂದೆ.

ಅವಳು ಕುರ್ಚಿ ಎಳೆದುಕೊಟ್ಟು ನಕ್ಕಳು. "ಪ್ರೋಗ್ರಾಮು ತೋರಿಸ್ತೀನಿ ಬನ್ನಿ ಸಾರ್. ಮಳೆ ಅನ್ನೋದು ಸಂದೇಶದಲ್ಲಿ ಎಲ್ಲಿದ್ರೂ ಹುಡುಕೋ ಹಾಗೆ ಬರೆದಿದೀನಿ. ಎರಡು ವರ್ಷ ನಿಮ್ಮ ಪಾಠ ಕೇಳಿದೋಳಲ್ವಾ ನಾನು? ವಿಷಯ ಕೊನೇಲಿ ಬರುತ್ತೆ ಅಂತ ಗೊತ್ತಿತ್ತು."