ಗೋಡೆಯ ಮೇಲಿನ ಮರಗೆಲಸದ ಮೇಜು

ನನ್ನ ಸೋದರಮಾವನಂಥ ಬಡಗಿ ಕೊಪ್ಪಳದಲ್ಲೇ ಇಲ್ಲ. ಈವರೆಗೆ ಅವರು ಒಂದು ಮಣೆಯನ್ನೂ ಮಾಡಿಲ್ಲ ಎಂಬುದು ಬೇರೆ ಮಾತು! ಮಾಡುವುದಾದರೂ ಹೇಗೆ? ಮರಗೆಲಸಕ್ಕೆ ಮೊದಲೊಂದು ಮೇಜು ಬೇಕು. ಅದನ್ನು ತಾವೇ ಮಾಡಬೇಕೆಂಬುದು ಅವರ ಹಟ. ಗಿಣಿಗೇರಾದ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಕಬ್ಬಿಣ ನೋಡಿ ನೋಡಿ ಮರದ ಮೇಲೆ ಪ್ರೀತಿ ಹುಟ್ಟಿತಂತೆ.

ಮರ ಕಂಡಲ್ಲೆಲ್ಲ ಬೆರಳು ಮಡಚಿ ತಟ್ಟುವುದು ಅವರ ಚಾಳಿ. ನನಗೆ ಹೆಣ್ಣು ನೋಡಲು ಕುಷ್ಟಗಿಗೆ ಹೋದಾಗ, ಕೂರಲು ಕೊಟ್ಟ ಮಂಚವನ್ನು ತಟ್ಟಿ, ಅದರ ಕೆಳಗೇ ತಲೆ ಹಾಕಿಬಿಟ್ಟರು. ಅಷ್ಟರಲ್ಲಿ ಹುಡುಗಿ ಚಹಾ ತಂದಳು.

"ಹೆಂಗ ಅನಸ್ತರಿ?" ಹುಡುಗಿಯ ಅಪ್ಪ ಸಂಕೋಚದಿಂದ ಕೇಳಿದರು.

"ಭಾಳ ಛಲೋ ಐತ್ರಿ. ಒಂದೀಟು ಅಲ್ಲಾಡತೈತಿ, ಬೆಣಿ ಹೊಡದ್ರ ಸರಿ ಹೋಗತೈತಿ!" ಮಂಚದ ಕೆಳಗಿಂದ ಉತ್ತರ ಬಂತು.

ಹೇಗೋ ಆ ಮದುವೆ ಆಯಿತು. ನನ್ನ ಹೆಂಡತಿ ಇವತ್ತಿಗೂ ಆ ಬೆಣೆಯ ಮಾತೆತ್ತಿ ನನ್ನನ್ನು ಕಾಡುತ್ತಾಳೆ.

ಸರಿ, ಮೇಜಿಗೆ ಯಾವ ಮರ? ಬೇವೆಂದರೆ, ಅಮ್ಮನವರ ಮರಕ್ಕೆ ಸುತ್ತಿಗೆಯಿಂದ ಹೊಡೆಯುವುದೆ? ಹುಣಸೆ ಎಂದರೆ ಮಾವನ ಹೆಂಡತಿ, ನಮ್ಮತ್ತೆ, ದೆವ್ವದ ಹೆಸರೆತ್ತಿದರು. ಸಾಗವಾನಿಗೆ ಗೀರು ಬಿದ್ದರೆ ಮಾವನ ಕರುಳೇ ಚುರ್ ಎನ್ನುತ್ತದೆ. ಕೊನೆಗೆ ಇರಕಲ್ಲಗಡದ ಮುದಿ ಬಡಿಗೇರ ಮಾವನಿಗೂ ಒಪ್ಪಿಗೆಯಾದ ಒಂದು ಹಳೇ ಜಾಲಿಯ ದಿಮ್ಮಿ ತೋರಿಸಿ, "ಎತ್ತರ ಎಷ್ಟ್ ಬೇಕ್ರಿ?" ಎಂದ.

ಸಿಕ್ಕಿಬಿದ್ದರು ಮಾವ! ನಮ್ಮ ಕಡೆಯ ಬಡಿಗೇರರು ನೆಲದ ಮೇಲೆ ಕೂತು, ಮರವನ್ನು ಕಾಲಿನಿಂದ ಒತ್ತಿ ಹಿಡಿದು ಕೆಲಸ ಮಾಡುವವರು. ಮೊಬೈಲಿನ ವಿಡಿಯೋದವರೋ, ನಿಂತು ಮಾಡುವವರು. ಕೂರುವುದೋ, ನಿಲ್ಲುವುದೋ?

ದಿಮ್ಮಿಯನ್ನು ಅಲ್ಲೇ ಬಿಟ್ಟು ಬಂದು, ನಿಂತೇ ನೋಡೋಣವೆಂದು ಪಡಸಾಲೆಯ ಗೋಡೆಗೆ ಇದ್ದಿಲಿನಿಂದ ಸೊಂಟದೆತ್ತರದ ಮೇಜು ಬರೆದರು. ಸಂಜೆಯಾದರೆ ಅದರ ಮುಂದೆ ನಿಂತು ಉಜ್ಜುಗೊರಡು ಹಿಡಿದವರಂತೆ ಖಾಲಿ ಕೈಯಲ್ಲಿ ಗಾಳಿಯನ್ನೇ ಉಜ್ಜುವರು. ಒಂದು ಕಣ್ಣು ಮುಚ್ಚಿ ಇಲ್ಲದ ಅಂಚನ್ನು ನೋಡುವರು. ಉಫ್ ಎಂದು ಮರದ ಹೊಟ್ಟು ಊದುವರು. ಇಳಿಬಿಸಿಲಿನಲ್ಲಿ ಅವರನ್ನು ನೋಡುತ್ತ ಕೂತರೆ ನನಗೂ ಒಮ್ಮೊಮ್ಮೆ ಹಸಿ ಮರದ ವಾಸನೆ ಬಂದಂತಾಗುತ್ತಿತ್ತು!

"ಹೊಟ್ಟು ಭಾಳ ಬಿದ್ದೈತಿ, ಕಸಾ ಹೊಡೀಲೇನ್ರಿ?" ಎಂದು ಅತ್ತೆ ಕುಟುಕುವರು.

"ತಡಿ, ತೊಟ್ಟಿಲದ ಒಂದು ಕಾಲು ಉಳದೈತಿ."

ಹೀಗೆ ಕುಟುಕುವ ಅತ್ತೆಯೇ, ಯುಗಾದಿಗೆ ಮನೆಯೆಲ್ಲ ಸುಣ್ಣ ಬಳಿಸುವಾಗ ಆ ಮೇಜನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಈ ವರ್ಷ ಹಬ್ಬಕ್ಕೆ ಮುಂಚೆ ಮಾವನ ಎದೆ ಕೈಕೊಟ್ಟಿತು. ಬದುಕಿಕೊಂಡರು, ಆದರೆ ನಿಂತು ಮೈಮುರಿಯುವ ಕೆಲಸ ಇನ್ನು ಬೇಡವೆಂದರು ಡಾಕ್ಟರು. ಅದನ್ನು ಕೇಳಿದ ಅತ್ತೆ, ಸುಣ್ಣ ಬಳಿಸಬೇಕೆಂದು ಆಸ್ಪತ್ರೆಯಿಂದ ಮೊದಲೇ ಮನೆಗೆ ಹೋದರು. ಆಮೇಲೆ ಮಾವನನ್ನು ನಾನು ಕರೆತಂದೆ. ಅವರು ಮನೆ ಬಾಗಿಲಿನ ಮರವನ್ನೂ ತಟ್ಟದೆ ಒಳಗೆ ನಡೆದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಪಡಸಾಲೆಯ ಗೋಡೆ ಬೆಳ್ಳಗಿತ್ತು. ಮೇಜಿರಲಿಲ್ಲ! ಮಾವನ ಮುಖ ನೋಡಲಾಗಲಿಲ್ಲ ನನಗೆ.

"ಮ್ಯಾಲೇನ್ ನೋಡ್ತೀರಿ? ಕೆಳಗ ನೋಡ್ರಿ," ಎಂದರು ಅತ್ತೆ.

ನೆಲದಿಂದ ಗೇಣೆತ್ತರದಲ್ಲಿ, ಹಬ್ಬಕ್ಕೆ ಕಲಸಿದ ಕೆಮ್ಮಣ್ಣಿನಲ್ಲಿ, ಸೊಟ್ಟ ಕಾಲುಗಳ ಒಂದು ಪುಟ್ಟ ಮೇಜು ಬರೆದಿದ್ದರು. ಅದರ ಮುಂದೆ ಎರಡು ಮಣೆ ಹಾಕಿ, ಸುತ್ತ ರಂಗೋಲಿ ಎಳೆದಿದ್ದರು.

"ಇನ್ನ ಕುಂತು ಮಾಡ್ರಿ. ನೀವು ಉಜ್ಜರಿ, ನಾ ಕಾಲಿಂದ ಒತ್ತಿ ಹಿಡೀತೀನಿ."

ಮಾವ ಮೆಲ್ಲಗೆ ಒಂದು ಮಣೆಯ ಮೇಲೆ ಕೂತರು. ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ಮಡಚಿ, ಕೆಮ್ಮಣ್ಣಿನ ಮೇಜನ್ನು ತಟ್ಟಿ ಕಿವಿಗೊಟ್ಟರು.

"ಜಾಲೀನ ಐತಿ," ಎಂದರು.